ಬೆಲ್ ಐಲ್‌ನ ಮೈಲಾರಲಿಂಗ

ನನ್ನ ಅಕ್ಕ ಗಂಗವ್ವ ನಾಲ್ಕು ತಿಂಗಳಿಗೆಂದು ಅಮೆರಿಕಕ್ಕೆ ಬಂದವಳು. ಸೊಸೆ ಪದ್ಮಳ ಬಾಣಂತನ ಮುಗಿಯಿತು, ಕೂಸು ನಡೆಯಲು ಕಲಿಯಿತು, ಎಪ್ಪತ್ನಾಲ್ಕರ ಸೆಪ್ಟೆಂಬರ್ ಬಂತು. ಅಕ್ಕ ಮಾತ್ರ ಡೆಟ್ರಾಯಿಟ್ ಹತ್ತಿರದ ಪ್ಲಿಮತ್‌ನಲ್ಲಿ ಮಗನ ಮನೆಯಲ್ಲೇ ಇದ್ದಳು. ಮಗ ಕಲ್ಲಿನಾಥ ಡಾಕ್ಟರ್, ಸೊಸೆಯೂ ಡಾಕ್ಟರ್. ಅವರು ಡ್ಯೂಟಿಗೆ ಹೋದರೆ ಮನೆಯಲ್ಲಿ ಅಕ್ಕ, ಕೂಸು ಇಬ್ಬರೇ. ಯಾರು ಬೆಲ್ ಒತ್ತಿದರೂ ಬಾಗಿಲು ತೆಗೆಯಬಾರದೆಂದು ಕಟ್ಟಪ್ಪಣೆ. ಪಾಸ್‌ಪೋರ್ಟ್ ಮಗನ ಕಪಾಟಿನಲ್ಲಿ. ಊರಿಗೆ ಯಾವಾಗ ಎಂದರೆ, "ಮುಂದಿನ ತಿಂಗಳು ನೋಡೂಣವ್ವಾ."

ನಾನು ಏಳನೇ ಇಯತ್ತೆ ಓದಿ ಇಲ್ಲೇ ಡೆಟ್ರಾಯಿಟ್‌ನ ಕಾರ್ಖಾನೆಯಲ್ಲಿ ಕಬ್ಬಿಣದ ಜೊತೆ ಗುದ್ದಾಡುವವನು. ಅವರ ಮನೆ ಮಾತಿಗೆ ಬಾಯಿ ಹಾಕುತ್ತಿರಲಿಲ್ಲ.

ಒಂದು ಭಾನುವಾರ, ಪದ್ಮ ಡ್ಯೂಟಿಗೆ ಹೋದಾಗ, ಕಲ್ಲಿನಾಥ ಹೊಸ ಕಾರಿನಲ್ಲಿ ಕೂಸಿನ ಸಮೇತ ನಮ್ಮನ್ನು ಡೆಟ್ರಾಯಿಟ್‌ನ ಬೆಲ್ ಐಲ್ ದ್ವೀಪಕ್ಕೆ ಕರೆದೊಯ್ದ. ಅಲ್ಲಿ ರಸ್ತೆಗಳು ಕೂಡುವಲ್ಲಿ ಹಳೆ ಕಾಲದ ಒಬ್ಬ ಸೇನಾಪತಿ ಕಂಚಿನ ಕುದುರೆ ಮೇಲೆ ಕೂತಿದ್ದಾನೆ. ನಮ್ಮ ಮನೆದೇವರು ಮೈಲಾರಲಿಂಗನೂ ಕುದುರೆ ಮೇಲಿನವನೇ. ಅಕ್ಕ ಕಂಡವಳೇ ಚಪ್ಪಲಿ ಬಿಟ್ಟಳು. "ಏಳು ಕೋಟಿ" ಎಂದು ಮೈಲಾರನ ಜಯಕಾರ ಹಾಕಿ ಕೈಮುಗಿದು, ಸಂಚಿಯಿಂದ ಊರಿನ ಅರಿಶಿನ ತೆಗೆದು ಕಟ್ಟೆಗೆ ಎರಚಿದಳು.

"ಅವ್ವಾ, ಅಂವ ದೇವರಲ್ಲ, ಮಿಲಿಟರಿ ಮನಷ್ಯಾ. ಪೊಲೀಸರು ಬರ್ತಾರ," ಎನ್ನುತ್ತ ಕಲ್ಲಿನಾಥ ಕರವಸ್ತ್ರದಿಂದ ಒರೆಸತೊಡಗಿದ.

"ಬಂದು ನನ್ನ ಊರಿಗೆ ಕಳಸ್ತಾರೇನು?"

ನನಗೆ ನಗು ಬಂತು. "ಅಕ್ಕಾ, ಅವನ ಕೈಯಾಗ ನಕಾಶೆ ಐತಿ ನೋಡು."

"ಹಂಗಾರ ಪಾಪ, ಇವನೂ ದಾರಿ ಹುಡುಕಾಕತ್ತಾನ."

ಆ ವರ್ಷದ ಕಾರುಗಳಿಗೊಂದು ಪೀಡೆ. ಮುಂದೆ ಕೂತವರು ಸೀಟ್ ಬೆಲ್ಟ್ ಹಾಕದಿದ್ದರೆ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಮನೆಗೆ ಹೊರಟಾಗ ಅಕ್ಕ ಮುಂದಿನ ಸೀಟಿನಲ್ಲಿ ಕೂತು ಕೈಕಟ್ಟಿದಳು.

"ಬೆಲ್ಟ್ ಹಾಕ್ಕೊಳ್ಳವ್ವಾ."

"ಯಾವಾಗ ಕಳಸ್ತಿ? ತಾರೀಖು ಹೇಳು."

ಅವನು ಬಾಗಿ ಬೆಲ್ಟಿಗೆ ಕೈ ಹಾಕಿದ. ನನಗೆ ಸಿಟ್ಟು ನೆತ್ತಿಗೇರಿ ಹಿಂದಿನಿಂದ ಅವನ ಮಣಿಕಟ್ಟು ಹಿಡಿದೆ. "ಮುಟ್ಟಿದರ ಕೈ ಮುರೀತೀನಿ. ತಾರೀಖು ಹೇಳಲೇ."

"ದೀಪಾವಳಿಗೆ."

"ಯಾವ ವರ್ಷದ್ದು?" ಎಂದಳು ಅಕ್ಕ.

ಅವನು ಕೈ ಬಿಡಿಸಿಕೊಂಡು ಗಾಡಿ ಸ್ಟಾರ್ಟ್ ಮಾಡಲು ನೋಡಿದ. ಕೀಲಿ ತಿರುಗಿಸಿದಾಗಲೆಲ್ಲ ಕಾರು ಬರೀ ಗುಂಯ್ ಎಂದಿತು. ಅರ್ಧ ತಾಸು ಹಾಗೇ ಕೂತೆವು. ನನ್ನ ತೊಡೆ ಮೇಲಿನ ಕೂಸು ಹಸಿದು ಅಳತೊಡಗಿತು. ಹಾಲಿದ್ದದ್ದು ಮೂವತ್ತು ಮೈಲಿ ದೂರದ ಮನೆಯಲ್ಲಿ.

ಅಕ್ಕ ಹಿಂತಿರುಗಿ ಕೂಸಿನ ಮುಖ ನೋಡಿದಳು. ಆಮೇಲೆ ಅರಿಶಿನದ ಕೈಯಿಂದ ತಾನೇ ಬೆಲ್ಟ್ ಎಳೆದು ಟಕ್ಕೆಂದು ಸಿಗಿಸಿಕೊಂಡಳು. ಕಾರು ಸ್ಟಾರ್ಟ್ ಆಯಿತು.