ಆಳದಲ್ಲಿ ಸಿಕ್ಕ ತುಳಸಿ

ನಮ್ಮ ಸೋದರತ್ತೆ ಗೋದಾಬಾಯಿಗೆ ಅರವತ್ತು ದಾಟಿದ ಮೇಲೆ ಕಾಲು ನೆಲದ ಮೇಲೆ ನಿಲ್ಲದಂತೆ ಮಾಡಿದ್ದು ಚೆನ್ನೈನ ಕ್ರೋಂಪೇಟೆಯ ಒಂದು ಖಾಲಿ ಸೈಟು. ಅತ್ತೆ ರೈಲ್ವೆಯಲ್ಲಿ ಟಿಕೆಟ್ ಕೊಡುತ್ತಿದ್ದಷ್ಟು ಕಾಲ ಕ್ವಾರ್ಟರ್ಸ್, ಆಮೇಲೆ ಮೈಲಾಪೂರಿನಲ್ಲಿ ಬಾಡಿಗೆ ಮನೆ. ಗೋಡೆಗೆ ಮೊಳೆ ಹೊಡೆಯಬೇಕಾದರೂ ಇನ್ನೊಬ್ಬರನ್ನು ಕೇಳಬೇಕಿತ್ತು. ಈಗ ಸ್ವಂತ ಮನೆಯ ಹುಚ್ಚು. ತರಕಾರಿಗೆ ಹೋದವರು ಟೈಲ್ಸ್ ಅಂಗಡಿಯಿಂದ ವಾಪಸಾಗುತ್ತಿದ್ದರು, ತರಕಾರಿ ಇಲ್ಲದೆ.

ತಣ್ಣೀರೆರಚುವುದಕ್ಕೆ ಪಂಢರಿನಾಥ ಮಾವ ಇದ್ದರಲ್ಲ. ಆ ಜಾಗ ಹಿಂದೆ ಕೆರೆಯಂಗಳವಾಗಿತ್ತು ಎಂದು ಯಾರೋ ಅವರ ಕಿವಿಗೆ ಹಾಕಿದ್ದರು.

"ಮಣ್ಣು ಟೆಸ್ಟ್ ಮಾಡ್ಸೋಣ ಗೋದಾ. ಸರಿಯಿಲ್ಲ ಅಂದ್ರೆ ಸೈಟ್ ಮಾರಿ ಫ್ಲಾಟ್ ತಗೊಳ್ಳೋದು. ಆಮೇಲೆ ತಕರಾರು ಮಾಡ್ಬಾರ್ದು."

ಅತ್ತೆ ಒಪ್ಪಿದರು. ಒಪ್ಪದೆ ಏನು ಮಾಡುತ್ತಾರೆ?

ಮಣ್ಣು ಪರೀಕ್ಷೆಯ ಇಂಜಿನಿಯರ್ ಅಕ್ಷಯಾ ನಮ್ಮ ಕಡೆಯ ಹುಡುಗಿಯೇ, ಕನ್ನಡದ ನಡುನಡುವೆ ತಮಿಳು. ಅವಳ ಕೆಲಸಗಾರರು ಮೂರು ಕಾಲಿನ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಕೊಳವೆಯನ್ನು ಧಡ್ ಧಡ್ ಎಂದು ಕುಟ್ಟಿ ಇಳಿಸಿದರು. ಒಂದೊಂದು ಆಳದ ಮಣ್ಣೂ ಒಂದೊಂದು ಪ್ಲಾಸ್ಟಿಕ್ ಚೀಲಕ್ಕೆ ಹೋಯಿತು. ಎಲ್ಲರೂ ಕಾಫಿಗೆ ಎದ್ದಾಗ ಅತ್ತೆ ಚೀಲಗಳ ಪಕ್ಕದಲ್ಲೇ ಕೂತರು. ಕಾವಲಿರಬೇಕು ಎಂದುಕೊಂಡೆ.

ಮುಂದಿನ ವಾರ ಅಕ್ಷಯಾ ಫೋನ್ ಮಾಡಿದಳು, ಸ್ಪೀಕರಿನಲ್ಲಿ ನಾವೆಲ್ಲ ಕೇಳಿದೆವು. "ಮಾಮಿ, ಒಂದು ಡೌಟು. ಮೂವತ್ತಡಿ ಕೆಳಗಿನ ಮಣ್ಣಲ್ಲೂ ತುಳಸಿ ಎಲೆ ಇದೆ. ಎಪ್ಪಡಿ ಮಾಮಿ, ಹೇಗೆ ಬಂತು?"

ಅತ್ತೆಯ ಮುಖ ನೋಡಬೇಕಿತ್ತು. ಮಂತ್ರಾಲಯದಿಂದ ತಂದ ರಾಯರ ಮೃತ್ತಿಕೆಯನ್ನು ಅವರು ತುಳಸಿದಳದ ಜೊತೆ ಬೆಳ್ಳಿ ಭರಣಿಯಲ್ಲಿ ಇಟ್ಟಿರುತ್ತಾರೆ. ಪರೀಕ್ಷೆ ಪಾಸಾಗಲಿ ಎಂದು ಪ್ರತಿ ಚೀಲಕ್ಕೂ ಒಂದು ಚಿಟಿಕೆ ಹಾಕಿದ್ದರು, ಭೇದಭಾವ ಮಾಡದೆ. ಅದನ್ನು ಫೋನಿನಲ್ಲೇ ಒಪ್ಪಿಕೊಂಡರು.

ಮಾವ ನಕ್ಕ ನಗುವಿಗೆ ಕನ್ನಡಕ ಬಿತ್ತು. ನಾನು ಸೋಫಾದಿಂದಲೇ ಜಾರಿದೆ. "ಎಲ್ಲಾ ವೇಸ್ಟ್ ಮಾಮಿ, ಮತ್ತೆ ಕೊರೀಬೇಕು" ಎಂದು ಹೇಳುವಷ್ಟರಲ್ಲಿ ಅಕ್ಷಯಾಗೂ ನಗು ತಡೆಯಲಾಗಲಿಲ್ಲ.

ಅತ್ತೆ ಮಾತ್ರ ನಗಲಿಲ್ಲ. "ರೀ, ಇದ್ರಿಂದ ಫೇಲ್ ಅಂತ ಆಗ್ಬಿಡಲ್ಲ ತಾನೆ?" ಎಂದರು. ಮಾವ ನಗು ನಿಲ್ಲಿಸಿ ಕನ್ನಡಕ ಎತ್ತಿಕೊಂಡರು.

ಎರಡನೇ ಸಲ ಕೊರೆಯುವಾಗ ಮಾವ ಅತ್ತೆಯ ಕೈಗೆ ದೊಡ್ಡ ಕೊಡೆ ಕೊಟ್ಟು, "ಎರಡೂ ಕೈಲಿ ಹಿಡ್ಕೋ" ಎಂದರು. ಅತ್ತೆ ಕೆಲಸಗಾರರು ಹೋದಲ್ಲೆಲ್ಲ ಕೊಡೆ ಹಿಡಿದು ಓಡಾಡಿದರು. ಅವರಿಗೆ ನೆರಳು, ಮಾವನಿಗೆ ನೆಮ್ಮದಿ.

ಫಲಿತಾಂಶ ಹೇಳಲು ಅಕ್ಷಯಾ ಸೈಟಿಗೇ ಬಂದಳು. "ಮೇಲೆ ಜೇಡಿಮಣ್ಣು ಮಾಮಿ, ಆದ್ರೆ ಕೆಳಗೆ ಗಟ್ಟಿ ನೆಲ. ಪಾಯ ಆಳಕ್ಕೆ ಹೋಗ್ಲಿ. ಧಾರಾಳವಾಗಿ ಕಟ್ಟಿ."

ಅತ್ತೆ ಟಿ. ನಗರದಲ್ಲಿ ಕೊಂಡ ಹೊಸ ಸೀರೆಯಲ್ಲೇ ಸೈಟಿನ ನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಅಳುತ್ತಿದ್ದರೋ ನಗುತ್ತಿದ್ದರೋ ಅವರಿಗೇ ಗೊತ್ತಿರಲಿಲ್ಲ.

"ಬನ್ರೀ, ಕೂತ್ಕೊಳ್ಳಿ. ಇದು ನಮ್ಮ ಹಾಲ್."

ಮಾವ ನಿಂತಲ್ಲೇ ಸುತ್ತ ನೋಡಿದರು. "ಬಾಗಿಲು ಎಲ್ಲಿ ಬರುತ್ತೆ?"

ಅತ್ತೆ ಪೂರ್ವಕ್ಕೆ ಕೈ ತೋರಿಸಿದರು. ಮಾವ ಸೈಟನ್ನು ಸುತ್ತಿಕೊಂಡು ಆ ಕಡೆಗೆ ನಡೆದರು, ಚಪ್ಪಲಿ ಹೊರಗೆ ಬಿಟ್ಟು, ಬಲಗಾಲಿಟ್ಟು ಒಳಗೆ ಬಂದರು.