ಡಬ್ಬಿಗೆ ಅಂಟದ ಮಾತು

೧೯೫೮ರ ಜೂನ್ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಆರೂವರೆ ಗಂಟೆ. ರೋಣದ ದವಾಖಾನೆಯ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಇದ್ದವರು ಇಬ್ಬರು: ಊರು ಬಿಡಲು ಸಿದ್ಧರಾಗಿ ನಿಂತ ಮುಸಾಜಿ ಕಂಪೌಂಡರ್ರು ಮತ್ತು ನೆರೆಮನೆಯ ನಾನು. ಮನೆ ತುಂಬ ಚೀಟಿಗಳು. ನೀರಿನ ಕೊಡಕ್ಕೆ ‘ಮಾಯಿಮ್’, ಬಾಗಿಲಿಗೆ ‘ದೆಲೆತ್’, ಉಪ್ಪಿನ ಭರಣಿಗೆ ‘ಮೇಲಖ್’, ಹಾಲಿನ ಪಾತ್ರೆಗೆ ‘ಖಲಾವ್’. ಮರಾಠಿ ಅಕ್ಷರದಲ್ಲಿ ಬರೆದ ಹೀಬ್ರೂ ಮಾತುಗಳು. ಔಷಧದ ಸೀಸೆಗೆ ಹಚ್ಚುವ ಹಾಗೆ ಅಂಚು ಸರಿಮಾಡಿ, ಹಿಟ್ಟಿನ ಅಂಟಿನಿಂದ ಹಚ್ಚಿದ್ದರು.

ಮುಸಾಜಿಯವರು ಕೊಂಕಣದ ಕಡೆಯ ಯಹೂದಿಗಳು, ಮನೆಮಾತು ಮರಾಠಿ. ನರಗುಂದದಲ್ಲಿ ಆರು ವರ್ಷ, ಗಜೇಂದ್ರಗಡದಲ್ಲಿ ನಾಲ್ಕು, ರೋಣದಲ್ಲಿ ಹನ್ನೆರಡು ವರ್ಷ ಔಷಧ ಕೊಟ್ಟವರು. ಶನಿವಾರ ಅವರ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಅದಕ್ಕೆ ಊರಿನ ಕೆಲವರು ಹನುಮಪ್ಪನ ಉಪವಾಸವೆಂದೇ ತಿಳಿದಿದ್ದರು. ಅವರು ತಿದ್ದಲು ಹೋಗಲಿಲ್ಲ. ಕೆಂಪು ಔಷಧದ ಸೀಸೆಗೆ ಕಾಗದದ ಪಟ್ಟಿ ಕತ್ತರಿಸಿ, ಒಂದೊಂದು ಗುಟುಕಿಗೆ ಒಂದೊಂದು ಕಚ್ಚು ಮಾಡಿ ಅಂಟಿಸುವುದರಲ್ಲಿ ಅವರ ಕೈ ಎಂದೂ ತಪ್ಪಲಿಲ್ಲ. ಕುಡಿಯಲು ಮುಖ ಸಿಂಡರಿಸಿದವರಿಗೆ ಹೇಳುತ್ತಿದ್ದರು: “ಮಾರಿ ಕೆಡಿಸಬ್ಯಾಡ. ಆ ಔಷಧಕ್ಕೂ ನೀನೇನು ಭಾಳ ಸೇರಂಗಿಲ್ಲ.”

ನಾನು ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿ. ಐದಕ್ಕೆ ಏಳುವುದು, ಆರಕ್ಕೆ ನೀರು ತುಂಬುವುದು, ಸಂಜೆ ಆರಕ್ಕೆ ಮರುದಿನದ ಪಾಠ ಬರೆಯುವುದು ತರಬೇತಿ ಕಾಲದ ರೂಢಿ. ಗಡಿಯಾರ ನೋಡಿ ಬದುಕುವವರು ಆ ಓಣಿಯಲ್ಲಿ ನಾವಿಬ್ಬರೇ ಇದ್ದೆವು. ಸ್ನೇಹ ಬೆಳೆದದ್ದು ಅಲ್ಲಿಂದ.

ಅವರ ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು ಸಾರಾ ಗಂಡನೊಡನೆ ಇಸ್ರೇಲಿಗೆ ಹೋಗಿದ್ದಳು. ಅಲ್ಲಿ ಹುಟ್ಟಿದ ಮೊಮ್ಮಗಳು ಲೀಯಾಗೆ ನಾಲ್ಕು ವರ್ಷ. ನಿವೃತ್ತಿಯಾದ ಮೇಲೆ ಬಂದು ತಮ್ಮ ಜೊತೆಗೇ ಇರಬೇಕೆಂದು ಸಾರಾ ಬರೆದಿದ್ದಳು. ಅದೇ ಪತ್ರದಲ್ಲಿ ಇನ್ನೊಂದು ಸಾಲೂ ಇತ್ತು: ಲೀಯಾ ಮರಾಠಿ ಆಡುವುದಿಲ್ಲ, ತನ್ನ ಮಾತು ಬಾರದವರ ಹತ್ತಿರ ಹೋಗುವುದೂ ಇಲ್ಲ.

“ದೇವರ ಜೋಡಿ ಅದೇ ಭಾಷಾದಾಗ ಮಾತಾಡ್ತೀನ್ರಿ ಅಕ್ಕೋರ, ಸಣ್ಣವನಿದ್ದಾಗಿಂದ,” ಎಂದರು ಮುಸಾಜಿ. “ಪ್ರಾರ್ಥನಾ ಎಲ್ಲಾ ಬಾಯಿಪಾಠ. ಆದ್ರ ಮೊಮ್ಮಗಳಿಗೆ ಒಂದ ವಾಟಗಾ ಹಾಲು ಬೇಕೇನು ಅಂತ ಕೇಳಾಕ ಬರಂಗಿಲ್ಲ.”

ಸಾರಾ ಪ್ರತಿ ಪತ್ರದಲ್ಲಿ ಹತ್ತು ಶಬ್ದ ಬರೆದು ಕಳಿಸತೊಡಗಿದಳು. ಅವರು ಅವನ್ನು ಔಷಧದಂತೆಯೇ ತೆಗೆದುಕೊಂಡರು: ಊಟಕ್ಕೆ ಮೊದಲು ಎರಡು, ಊಟವಾದ ಮೇಲೆ ಎರಡು. ಚೀಟಿ ಹಚ್ಚಿದ ವಸ್ತುವನ್ನು ಮುಟ್ಟಿ ಹೆಸರು ಹೇಳಬೇಕು. ವರ್ಷದೊಳಗೆ ಮಂಚ, ಗೋಡೆ, ಕಂದೀಲು, ಸೂಜಿ ಯಾವುದೂ ಉಳಿಯಲಿಲ್ಲ. ಜೋಳದ ಹಿಟ್ಟಿನ ಡಬ್ಬಿಯ ಚೀಟಿ ಮಾತ್ರ ಖಾಲಿ ಇತ್ತು. ಅಂಥ ಹಿಟ್ಟನ್ನು ತಾನು ಅಲ್ಲಿ ಕಂಡಿಲ್ಲವೆಂದು ಸಾರಾ ಬರೆದಿದ್ದಳಂತೆ.

ಒಂದು ಸಂಜೆ ಪರೀಕ್ಷೆ ಮಾಡಿದೆ. ಮೂವತ್ತಕ್ಕೆ ಮೂವತ್ತೂ ಸರಿ. ಅವರು ಶಬ್ದ ಬರೆದಿಟ್ಟಿದ್ದ ಪುಸ್ತಕ ಮುಚ್ಚುವಾಗ ಸುಮ್ಮನೆ ಕೇಳಿದೆ: “ಕೂಸು ಬಿದ್ದು ಅಳಕೋತ ಬಂತು ಅಂತ ತಿಳೀರಿ. ಏನಂತೀರಿ ಅದಕ್ಕ?”

ಅವರು ಬಾಯಿ ತೆರೆದರು. ಕೋಣೆಯ ಸುತ್ತ ಕಣ್ಣಾಡಿಸಿದರು. “ನೀರು,” ಎಂದರು ಹೀಬ್ರೂದಲ್ಲಿ. “ಹಾಲು. ಬಾಗಿಲು.” ಆಮೇಲೆ ಅಂಟಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. “ಅಳಬ್ಯಾಡ ಅನ್ನೂದನ್ನ ಯಾವ ಡಬ್ಬಿಗೆ ಹಚ್ಚಲ್ರಿ, ಅಕ್ಕೋರ?”

ಇಪ್ಪತ್ತೆರಡು ವರ್ಷ ಚೀಟಿ ಹಚ್ಚಿದ ಕೈಗೆ ಬೇರೆ ದಾರಿ ಹೊಳೆದಿರಲಿಲ್ಲ. ನನಗೆ ಶಾಲೆಯ ಕವಾಯತು ನೆನಪಾಯಿತು. ಬಾ, ಕೂಡು, ಏಳು, ಕೊಡು, ಅಳಬೇಡ ಎಂದು ಒಂದು ಪಟ್ಟಿ ಮಾಡಿ ಸಾರಾಗೆ ಕಳಿಸಿದೆವು. ತಿಂಗಳೊಪ್ಪತ್ತಿಗೆ ಉತ್ತರ ಬಂತು. ಅಂದಿನಿಂದ ಅವರು ಆಜ್ಞೆ ಮಾಡಬೇಕು, ನಾನು ನಾಲ್ಕು ವರ್ಷದ ಲೀಯಾ ಆಗಿ ಪಾಲಿಸಬೇಕು. ‘ಬೋಯಿ’ ಎಂದರೆ ಹತ್ತಿರ ಬರುವುದು, ‘ಶ್ವಿ’ ಎಂದರೆ ಕೂಡುವುದು, ‘ಕೂಮಿ’ ಎಂದರೆ ಏಳುವುದು. ಅಳಬೇಡ ಎನ್ನುವ ‘ಅಲ್ ತಿವ್ಕಿ’ಗೆ ಕಣ್ಣೊರೆಸಿಕೊಳ್ಳುವುದು. ಶಬ್ದ ತಪ್ಪಿದರೆ ನಾನು ಕದಲಬಾರದು. ದಿನಾ ಸಂಜೆ ಅರ್ಧ ತಾಸು, ದವಾಖಾನೆಯ ಪಡಸಾಲೆಯಲ್ಲಿ.

ಕೆಮ್ಮಿನ ಔಷಧಕ್ಕೆ ಇಟಗಿಯಿಂದ ಬಂದ ಮುದುಕಿಯೊಬ್ಬಳು ನಾನು ಎದ್ದು ಕೂಡುವುದನ್ನು ನೋಡುತ್ತಲೇ ಕುಳಿತಿದ್ದಳು. “ಕಂಪೌಂಡರ್ರ, ಅಕ್ಕೋರಿಗೆ ಏನಾಗೇತ್ರಿ? ವಾಯು ಹಿಡದೈತೇನು?”

“ಇಲ್ಲಬೇ,” ಎಂದರು ಮುಸಾಜಿ. “ಅವರು ಸಣ್ಣವರಾಗಾಕ ಹತ್ಯಾರ. ನನ್ನ ಸಲುವಾಗಿ.”

ಆ ಸೋಮವಾರ ಏಳೂ ಕಾಲಿಗೆ ಗದಗಿನ ಬಸ್ಸು. ಅಲ್ಲಿಂದ ರೈಲು, ಮುಂಬಯಿಯಿಂದ ಹಡಗು. ಟ್ರಂಕನ್ನು ಮೇಲೆ ಹಾಕಿಸಿದ್ದಾಯಿತು. ಅವರು ಕಿಟಕಿಯ ಪಕ್ಕ ಕುಳಿತರು. “ಮನಿ ಹನ್ನೊಂದರೊಳಗ ಖಾಲಿ ಆಗಬೇಕ್ರಿ ಅಕ್ಕೋರ. ಚೀಟಿ ಕಿತ್ತು ಬಿಡ್ರಿ. ಹೊಸಾ ಕಂಪೌಂಡರ್ ನೋಡಿ ಗಾಬರಿ ಆದಾನು.” ನಾನು ತಲೆಯಾಡಿಸಿದೆ. ಕಣ್ಣು ತುಂಬಿತ್ತು. ಅವರು ನನ್ನ ಮುಖ ನೋಡಿದರು. ಕೈಯಲ್ಲಿ ಪಟ್ಟಿ ಇರಲಿಲ್ಲ, ಎದುರಿಗೆ ಯಾವ ಚೀಟಿಯೂ ಇರಲಿಲ್ಲ.

“ಅಲ್ ತಿವ್ಕಿ,” ಎಂದರು. ಉಚ್ಚಾರ ಸರಿಯಾಗಿತ್ತು. ನಾನು ಕಣ್ಣೊರೆಸಿಕೊಂಡೆ.

ಮುಂದೆ ಅವರಿಂದ ಬಂದದ್ದು ಒಂದೇ ಪತ್ರ. ಮೊದಲ ದಿನ ಲೀಯಾ ಬಾಗಿಲ ಹಿಂದಿನಿಂದ ಹೊರಗೆ ಬರಲಿಲ್ಲವಂತೆ, ‘ಬೋಯಿ’ ಎಂದರೂ. ಆಗ ಇವರು ‘ಕೂಮಿ’ ಎಂದು ತಾವೇ ಎದ್ದರು, ‘ಶ್ವಿ’ ಎಂದು ತಾವೇ ಕುಳಿತರು. ನಾಲ್ಕನೆಯ ಸಲಕ್ಕೆ ಹುಡುಗಿ ನಕ್ಕಳು. “ಈಗ ಆಕಿ ಹೇಳತಾಳ, ನಾನು ಏಳತೇನಿ. ಮಣಕಾಲು ನೋಯತಾವು. ನೀವು ಹ್ಯಾಂಗ ತಡಕೊಂಡ್ರಿ ಅಂತ ಈಗ ತಿಳೀತು,” ಎಂದು ಬರೆದಿದ್ದರು.

ಆ ಮುಂಜಾನೆ ನನಗೆ ಇದೊಂದೂ ಗೊತ್ತಿರಲಿಲ್ಲ. ಬಸ್ಸು ತಿರುವು ದಾಟಿದ ಮೇಲೆ ಅವರ ಮನೆಗೆ ಬಂದು, ನೀರು ಕಾಯಿಸಿ, ಒದ್ದೆ ಬಟ್ಟೆಯಿಂದ ಒಂದೊಂದೇ ಚೀಟಿ ನೆನೆಸಿ ತೆಗೆದೆ. ಗೋಡೆ, ಮಂಚ, ಕಿಟಕಿ, ಕೊನೆಗೆ ಬಾಗಿಲು. ಕಸ ಗುಡಿಸಿ ಬೀಗ ಹಾಕಿದೆ. ದವಾಖಾನೆಯ ಗುಮಾಸ್ತರಿಗೆ ಕೊಡಲು ಹೋದಾಗ ಕೀಲಿಕೈಗೂ ದಾರದಲ್ಲಿ ಒಂದು ಚೀಟಿ ಕಟ್ಟಿದ್ದು ಕಂಡಿತು: ‘ಮಫ್ತೇಅಖ್’. ಅದನ್ನು ಒಮ್ಮೆ ಗಟ್ಟಿಯಾಗಿ ಓದಿದೆ, ದಾರ ಬಿಚ್ಚಿದೆ, ಬರಿಯ ಕೀಲಿಕೈಯನ್ನು ಮೇಜಿನ ಮೇಲಿಟ್ಟೆ. ಹನ್ನೊಂದಕ್ಕೆ ಇನ್ನೂ ಹತ್ತು ನಿಮಿಷವಿತ್ತು.