ಎತ್ತಿಟ್ಟ ರಿಸೀವರ್

ಶಿವರಂಜನನನ್ನು ಕೆಡಿಸಿದವಳು ನಾನು. ಹಾಗೆಂದು ಅವನ ತಂದೆ ಮುರುಗೆಪ್ಪನವರು ನಮ್ಮ ಮನೆಯ ಬಾಗಿಲಲ್ಲಿ, ಚಪ್ಪಲಿ ಕೂಡ ಬಿಡದೆ, ನಿಂತು ಹೇಳಿ ಹೋಗಿದ್ದರು. ಆಗ ನನಗೆ ಕೆಟ್ಟ ಸಿಟ್ಟು ಬಂದಿತ್ತು. ಈಗ ಬರುವುದಿಲ್ಲ.

ಮುರುಗೆಪ್ಪನವರದು ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರ. ಸೌಕಾರ್‌ಪೇಟೆಯಲ್ಲಿ ಅಂಗಡಿ, ಕೋಡಂಬಾಕ್ಕಂನಲ್ಲಿ ಬಾಡಿಗೆ ಮನೆ. ಚೆನ್ನೈಗೆ ಬಂದು ಮೂವತ್ತು ವರ್ಷವಾಗಿದ್ದರೂ ಮನೆಯೊಳಗೆ ಹಾವೇರಿ ಕಡೆಯ ಮಾತೇ, ಜೋಳದ ರೊಟ್ಟಿಯೇ. ನಾನು ಅನಸೂಯ, ಮೈಸೂರಿನವಳು. ವಿಮಾ ಕಚೇರಿಯಲ್ಲಿ ಕೆಲಸ, ಗಿಂಡಿಯಲ್ಲಿ ಒಬ್ಬಳೇ ಇದ್ದೆ, ಬಿಡುವಿನ ಹೊತ್ತಿಗೆ ಕನ್ನಡ ಸಂಘದ ಕಾರ್ಯದರ್ಶಿ. ಒಂದು ರಾಜ್ಯೋತ್ಸವದ ದಿನ ನಿರೂಪಕರು ಕೈಕೊಟ್ಟರು. ಮುಂದಿನ ಸಾಲಿನಲ್ಲಿ ಪ್ಲಸ್ ಟು ಓದುತ್ತಿದ್ದ ಶಿವರಂಜನ್ ಕೂತಿದ್ದ. ಎಬ್ಬಿಸಿ ಕೈಗೆ ಮೈಕು ಕೊಟ್ಟೆ.

ಅವನ ದನಿ ವಿಚಿತ್ರ. ಎದುರಿಗೆ ಕೂತು ಮಾತಾಡಿದರೆ ಸ್ವಲ್ಪ ಮೂಗಿನಲ್ಲೇ ಮಾತಾಡುತ್ತಾನೆ ಅನ್ನಿಸುತ್ತದೆ. ಮೈಕಿನಲ್ಲಿ ಬಂದರೆ ಮಾತ್ರ ಬೇಕಾದವರು ಯಾರೋ ಹೆಗಲ ಮೇಲೆ ಕೈ ಹಾಕಿದ ಹಾಗೆ. ಅವತ್ತು ಸಭೆಯಲ್ಲಿ ಹೆಂಗಸರು ಮಾತು ನಿಲ್ಲಿಸಿದರು. ಸಂಘದ ಕಾರ್ಯಕ್ರಮದಲ್ಲಿ ಹೆಂಗಸರು ಮಾತು ನಿಲ್ಲಿಸುವುದೆಂದರೆ ಸಾಮಾನ್ಯವಲ್ಲ.

ಬಿ.ಕಾಂ. ಮುಗಿದ ಮೇಲೆ ಅವನಿಗೆ ಆಕಾಶವಾಣಿಯ ದನಿಪರೀಕ್ಷೆಯ ಅರ್ಜಿ ತಂದುಕೊಟ್ಟವಳೂ ನಾನೇ. ತೊಂಬತ್ತೇಳರಲ್ಲಿ ತಾತ್ಕಾಲಿಕ ನಿರೂಪಕನಾದ. ತಿಂಗಳಿಗೆ ಆರು ಪಾಳಿ, ತಮಿಳಿನಲ್ಲಿ. ಹಾಡಿನ ಹೆಸರು ಹೇಳುವುದು, ಸಮಯ ಹೇಳುವುದು, ಅಷ್ಟೇ. ಎರಡು ವರ್ಷದ ಮೇಲೆ ಒಂದು ಕೇಬಲ್ ವಾಹಿನಿಯವರು ಕರೆದರು. ಆ ವಾಹಿನಿ ಈಗ ಇಲ್ಲ, ಹೆಸರು ಬೇಡ. ಮುರುಗೆಪ್ಪನವರು ನಮ್ಮ ಮನೆಗೆ ಬಂದದ್ದು ಆಗಲೇ.

"ಬಾಯಿ ಮಾರಿ ಉಣ್ಣೋದೂ ಒಂದು ಕಸಬೇನ್ರಿ ಅಕ್ಕಾರ?" ಅಂದರು. "ಇದ್ದ ಒಬ್ಬ ಮಗನ್ನ ಕೆಡಿಸಿದ್ರಿ ನೀವು."

ಮಗನಿಗೂ ಒಂದೇ ಮಾತು ಹೇಳಿದರು: ಅಂಗಡಿಗೆ ಬಂದು ಕೂರುವವರೆಗೆ ನಿನ್ನ ಕೂಡ ಮಾತಿಲ್ಲ. ಅವನು ಕೂರಲಿಲ್ಲ. ಇವರು ಆಡಲಿಲ್ಲ. ಒಂದೇ ಮನೆ, ಒಂದೇ ಪಂಕ್ತಿಯಲ್ಲಿ ಊಟ. ಬೇಕಾದದ್ದನ್ನೆಲ್ಲ ತಾಯಿ ಸುಮಿತ್ರಮ್ಮನ ಮೂಲಕ ಹೇಳಿಸುವುದು. ‘ಅವಂಗ ಹೇಳು, ಗ್ಯಾಸಿನವ ಬರತಾನ ಅಂತ.’ ಅವನು ಎರಡು ಮಾರು ದೂರದಲ್ಲಿ ಕೂತು ಅದನ್ನು ಕೇಳಿಸಿಕೊಳ್ಳುತ್ತಿದ್ದ. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಗಾದೆ ಕಟ್ಟಿದವರು ಈ ಮನೆ ನೋಡಿರಲಿಲ್ಲ.

ಎರಡು ಸಾವಿರದ ಇಸವಿಯಲ್ಲಿ ಅವನ ಭಾನುವಾರದ ಕಾರ್ಯಕ್ರಮ ಶುರುವಾಯಿತು. ಬೆಳಗ್ಗೆ ಹನ್ನೊಂದರಿಂದ ಹನ್ನೆರಡು. ನೋಡುವವರು ಫೋನು ಮಾಡಿ ಅವನೊಡನೆ ನಾಲ್ಕು ಮಾತಾಡಿ ಬೇಕಾದ ಹಾಡು ಕೇಳಬಹುದು. ಪರದೆಯ ಮೂಲೆಯಲ್ಲಿ ‘ನೇರಪ್ರಸಾರ’ ಎಂದು ತಮಿಳಿನಲ್ಲಿ ಕೆಂಪಗೆ ಬರೆದಿರುತ್ತಿತ್ತು, ಕೆಳಗೆ ಫೋನ್ ನಂಬರು ಓಡುತ್ತಿತ್ತು. ಆರು ತಿಂಗಳಲ್ಲಿ ಬಸ್ಸಿನ ಕಂಡಕ್ಟರುಗಳೆಲ್ಲ ಅವನನ್ನು ಗುರುತು ಹಿಡಿಯುವಂತಾಯಿತು.

ಆ ನೇರಪ್ರಸಾರ ಶುದ್ಧ ಸುಳ್ಳು. ಅದೆಲ್ಲ ಬುಧವಾರವೇ ರೆಕಾರ್ಡ್ ಆಗಿರುತ್ತಿತ್ತು. ತಾಂಬರಂನಿಂದ ಮಾತಾಡುವ ಕಾಲೇಜು ಹುಡುಗಿ ಎಂದರೆ ಪಕ್ಕದ ಕೋಣೆಯಲ್ಲಿ ಕೂತ ಮೇಕಪ್ಪಿನ ಹೆಂಗಸು. ವೇಳಚ್ಚೇರಿಯ ನಿವೃತ್ತ ಮೇಷ್ಟ್ರು ವಾಹಿನಿಯ ಡ್ರೈವರು. ಪರದೆಯ ಮೇಲೆ ಓಡುವ ನಂಬರಿನ ಫೋನು ಮ್ಯಾನೇಜರ ಕೋಣೆಯಲ್ಲಿತ್ತು, ಭಾನುವಾರ ಬೆಳಗ್ಗೆ ಅದರ ರಿಸೀವರನ್ನು ಎತ್ತಿ ಪಕ್ಕಕ್ಕೆ ಇಡುವುದಕ್ಕೆ ಒಬ್ಬನನ್ನು ನೇಮಿಸಿದ್ದರು. ಊರೆಲ್ಲ ನಂಬರು ಒತ್ತಿ ಎಂಗೇಜ್ ದನಿ ಕೇಳಿ, ಅಬ್ಬಾ ಎಷ್ಟು ಜನ ಮಾಡ್ತಾರೆ ಎಂದು ಬೆರಗಾಗುತ್ತಿತ್ತು. ಶಿವರಂಜನ್ ಮಧ್ಯೆ ಮಧ್ಯೆ ಕೈಗಡಿಯಾರ ನೋಡಿ ಸಮಯ ಹೇಳುತ್ತಿದ್ದ. ಅದು ಅವನದೇ ಯುಕ್ತಿ. ಪ್ರಸಾರದ ಹೊತ್ತಿಗೆ ಸರಿಯಾಗಿ ಬರುವಂತೆ ಲೆಕ್ಕ ಹಾಕಿ ಹೇಳುತ್ತಿದ್ದ, ನಿರ್ದೇಶಕರು ಬೆನ್ನು ತಟ್ಟಿದ್ದರಂತೆ.

ಅವನಿಗೆ ಒಂದು ಕಟ್ಟಳೆ ಇತ್ತು. ಆ ಒಂದು ಗಂಟೆ ಅವನು ಹೊರಗೆ ಯಾರ ಕಣ್ಣಿಗೂ ಬೀಳಕೂಡದು. ಮನೆಯಲ್ಲೂ ಹೇಳಕೂಡದು. ಹಾಗಾಗಿ ಭಾನುವಾರ ಒಂಬತ್ತಕ್ಕೆ ಸ್ಟುಡಿಯೋಗೆಂದು ಬ್ಯಾಗು ಹಿಡಿದು ಹೊರಟು, ಕೋಡಂಬಾಕ್ಕಂನಲ್ಲಿ ಲೋಕಲ್ ರೈಲು ಹತ್ತಿ, ಹತ್ತು ನಿಮಿಷದಲ್ಲಿ ಗಿಂಡಿಯಲ್ಲಿಳಿದು ನಮ್ಮ ಮನೆಗೆ ಬಂದು ಬಚ್ಚಿಟ್ಟುಕೊಳ್ಳುತ್ತಿದ್ದ. ನಾನು ಇಡ್ಲಿ ಹಾಕುತ್ತಿದ್ದೆ. ತನ್ನನ್ನು ತಾನೇ ಟೀವಿಯಲ್ಲಿ ನೋಡಿಕೊಂಡು ತಿನ್ನುತ್ತಿದ್ದ. ನನಗೂ ಮಜವಾಗಿತ್ತು, ಸುಳ್ಳೇಕೆ.

ಮುಂದಿನ ಯುಗಾದಿಗೆ ಸಂಘದಲ್ಲಿ ಸುಮಿತ್ರಮ್ಮ ನನ್ನ ಪಕ್ಕ ಕೂತು ನಗುತ್ತ ಒಂದು ಸಂಗತಿ ಹೇಳಿದರು. "ಐತವಾರ ಬಂತಂದ್ರ ಇವರು ಹನ್ನೊಂದಕ್ಕ ಫೋನಿನ ಮುಂದ ಕುಂದರತಾರ್ರೀ. ಮನಿಯಾಗ ಮಾತಾಡಿದ್ರ ಆಣಿ ಮುರದಂಗಂತ, ಅದಕ್ಕ ಟೀವಿಯಾಗ ಮಾತಾಡತಾರಂತ. ಸುಡಗಾಡು, ಒಮ್ಮಿನೂ ಸಿಗವಲ್ದು."

ನನ್ನ ಬಾಯಲ್ಲಿದ್ದ ಬೇವುಬೆಲ್ಲ ಪೂರಾ ಬೇವೇ ಆಯಿತು. ಮುರುಗೆಪ್ಪನವರು ಚೀಟಿಯೊಂದರ ಮೇಲೆ ಆ ನಂಬರನ್ನು ದಪ್ಪ ಕನ್ನಡ ಅಂಕಿಗಳಲ್ಲಿ ಬರೆದು ಫೋನಿನ ಮೇಲಿನ ಗೋಡೆಗೆ ಅಂಟಿಸಿದ್ದರಂತೆ. ಟೀವಿಯಲ್ಲಿ ಮಗ ‘ಹಲೋ, ಯಾರು ಮಾತಾಡೋದು’ ಅಂದಾಗಲೆಲ್ಲ ಇವರು ಇಲ್ಲಿ ರಿಸೀವರ್ ಹಿಡಿದು ಗಂಟಲು ಸರಿಮಾಡಿಕೊಳ್ಳುತ್ತಿದ್ದರಂತೆ.

ಶಿವರಂಜನನಿಗೆ ಹೇಳಿದೆ. ಅವನು ಇಡ್ಲಿ ತಟ್ಟೆ ಕೆಳಗಿಟ್ಟ. ಅಪ್ಪನಿಗೆ ನಿಜ ಹೇಳಿಬಿಡು ಎಂದೆ.

"ಈಗ ತಾನೇ ಅವ್ರು ನನ್ ಕೆಲ್ಸಾನ ಕೆಲ್ಸ ಅಂತ ಒಪ್ಕೊಂಡಿದಾರಕ್ಕಾ," ಅಂದ. "ಹೋಗಿ, ಅಪ್ಪಾ ಎಲ್ಲಾ ಪೊಯ್ಯಿ, ಸುಳ್ಳು ಅಂತ ಹೇಳ್ಲಾ? ಆಮೇಲೆ ಮಾತಿರ್ಲಿ, ಮುಖಾನೂ ನೋಡಲ್ಲ."

ಆ ವರ್ಷದ ದೀಪಾವಳಿಗೆ ಒಂದೇ ಒಂದು ದಿನ ನಿಜವಾದ ನೇರಪ್ರಸಾರ ಮಾಡೋಣವೆಂದು ನಿರ್ದೇಶಕರು ಒಪ್ಪಿದ್ದಾರೆ, ಅವತ್ತು ಮೊದಲ ಕರೆ ಅಪ್ಪನದೇ ಆಗುವಂತೆ ಮಾಡುತ್ತೇನೆ, ಅಲ್ಲಿಯವರೆಗೆ ಸುಮ್ಮನಿರಿ ಎಂದು ಬೇಡಿಕೊಂಡ. ನಾನು ಹೂಂ ಎಂದೆ. ದೊಡ್ಡವಳು, ತಲೆ ನೆರೆತವಳು, ಹೂಂ ಎಂದೆ.

ಎರಡು ಸಾವಿರದ ಒಂದು, ಸೆಪ್ಟೆಂಬರಿನ ಒಂದು ಭಾನುವಾರ. ಅವತ್ತು ಉಪ್ಪಿಟ್ಟು ಮಾಡಿದ್ದೆ. ಅವನು ಹೊಸದಾಗಿ ಕೊಂಡ ಸೆಲ್ ಫೋನು ನಮ್ಮ ಟೀವಿಯ ಮೇಲಿತ್ತು. ಚಾಲೂ ಇತ್ತು. ಕಾರ್ಯಕ್ರಮದ ಹೊತ್ತಿಗೆ ಸ್ಟುಡಿಯೋದಲ್ಲಿ ಸೆಲ್ ಆಫ್ ಆಗಿರುತ್ತದೆ, ಏನೇ ಆದರೂ ಮಾಡಬೇಡಿ ಎಂದು ಮನೆಯವರಿಗೆ ಅವನು ತಾಕೀತು ಮಾಡಿದ್ದ. ಮಾಡದೆ ಇದ್ದರೆ ಸುಳ್ಳು ಸಿಕ್ಕಿಬೀಳುವುದಿಲ್ಲವಲ್ಲ.

ಹನ್ನೊಂದೂ ಕಾಲಿಗೆ ಮುರುಗೆಪ್ಪನವರು ನಂಬರು ಒತ್ತುತ್ತಿದ್ದವರು ಎದೆ ಹಿಡಿದುಕೊಂಡರು. ಮಗನ ಸೆಲ್ಲಿಗೆ ಮಾಡುವುದು ಸುಮಿತ್ರಮ್ಮನಿಗೆ ಹೊಳೆಯಲೇ ಇಲ್ಲ, ಬೇಡವೆಂದಿದ್ದನಲ್ಲ. ಗಂಡನ ಕೈಯಿಂದ ಜಾರಿದ ರಿಸೀವರನ್ನು ಎತ್ತಿಕೊಂಡು, ಗೋಡೆಯ ಮೇಲಿನ ನಂಬರಿಗೇ ಮಾಡಿದರು. ಎಂಗೇಜ್. ಮತ್ತೆ ಮಾಡಿದರು. ಟೀವಿಯಲ್ಲಿ ಮಗ ನಗುತ್ತಿದ್ದ, ಯಾರದೋ ಹುಟ್ಟುಹಬ್ಬಕ್ಕೆ ಶುಭ ಕೋರುತ್ತಿದ್ದ. ಈ ಕರೆ ಮುಗಿದ ಕೂಡಲೇ ನಮ್ಮದು ಸಿಗತೈತಿ, ಈ ಕರೆ ಮುಗಿದ ಕೂಡಲೇ ಎಂದುಕೊಂಡು ಹತ್ತು ಹದಿನೈದು ನಿಮಿಷ ಕಳೆದವಂತೆ. ಕೊನೆಗೆ ಕೆಳಮನೆಯ ಗೋದಾಬಾಯಿ ಬಂದು ನೋಡಿ ಆಟೋ ತರಿಸಿದರು. ಆಸ್ಪತ್ರೆಯ ಬಾಗಿಲು ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಶಿವರಂಜನ್ ಎಂದಿನಂತೆ ಹನ್ನೆರಡೂ ಕಾಲಿಗೆ ನಮ್ಮ ಮನೆಯಿಂದ ಹೊರಟ. ಇನ್ನೊಂದು ಲೋಟ ಕಾಫಿ ಕುಡಿದು ಹೋಗು ಎಂದು ನಾನೇ ಕೂರಿಸಿದ್ದೆ. ಅವನು ಮನೆ ಸೇರಿದಾಗ ಹೆಣ ಬಂದಿತ್ತು. ಪ್ರೋಗ್ರಾಂ ಮುಗೀತೇನಪಾ ಎಂದು ತಾಯಿ ಕೇಳಿದರು. ಮುಗೀತು ಎಂದ.

ಆ ವಾರವೆಲ್ಲ ಬಂದವರು ಅವನನ್ನು ಹೊಗಳಿದರು. ಅಲ್ಲಿ ತಂದೆಯ ಪ್ರಾಣ ಹೋಗುತ್ತಿದ್ದರೆ ಇಲ್ಲಿ ಪಾಪ ಏನೂ ತಿಳಿಯದೆ ಜನರನ್ನು ನಗಿಸುತ್ತಿದ್ದ, ಎಂಥ ಕೆಲಸವಪ್ಪಾ ಅದು ಎಂದರು. ಅವನು ನೆಲ ನೋಡುತ್ತ ಕೂತಿರುತ್ತಿದ್ದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೋ ಏನೋ.

ಎಂಟನೆಯ ದಿನ ಮತ್ತೆ ಭಾನುವಾರ. ಬ್ಯಾಡಗಿಯಿಂದ ಬಂದ ನೆಂಟರು ಇನ್ನೂ ಇದ್ದರು. ನಾನೂ ಹೋಗಿದ್ದೆ. ಈ ವಾರ ಬರೀ ಹಾಡು ಹಾಕುತ್ತೇವೆ ಎಂದು ನಿರ್ದೇಶಕರು ಹೇಳಿದ್ದರು. ಹನ್ನೊಂದರ ಸುಮಾರಿಗೆ ಗೋದಾಬಾಯಿ, ನಮ್ಮ ಹುಡುಗನ ಜಾಗದಲ್ಲಿ ಯಾರನ್ನು ಕೂರಿಸಿದ್ದಾರೋ ನೋಡೋಣವೆಂದು ಟೀವಿ ಹಾಕಿದರು.

ಅವನೇ ಕೂತಿದ್ದ. ತುರ್ತಿಗಿರಲಿ ಎಂದು ಎರಡು ತಿಂಗಳ ಹಿಂದೆ ಮಾಡಿಟ್ಟಿದ್ದ ಟೇಪೊಂದು ಕೈಗೆ ಸಿಕ್ಕಿದೆ, ಹಾಕಿಬಿಟ್ಟಿದ್ದಾರೆ. ಹಳದಿ ಅಂಗಿ, ಮೂಲೆಯಲ್ಲಿ ಕೆಂಪಗೆ ನೇರಪ್ರಸಾರ. ಕೈಗಡಿಯಾರ ನೋಡಿಕೊಂಡು, ಈಗ ಸಮಯ ಹನ್ನೊಂದು ಗಂಟೆ ಎಂಟು ನಿಮಿಷ ಎಂದ. ನಾನು ಗೋಡೆಯ ಗಡಿಯಾರ ನೋಡಿದೆ. ಒಂದು ನಿಮಿಷವೂ ತಪ್ಪಿರಲಿಲ್ಲ.

ಕೋಣೆಯಲ್ಲಿದ್ದವರೆಲ್ಲ ಟೀವಿಯಲ್ಲಿ ನಗುತ್ತಿದ್ದವನನ್ನೂ ಚಾಪೆಯ ಮೇಲೆ ಕೂತವನನ್ನೂ ನೋಡಿದರು. ಸುಮಿತ್ರಮ್ಮ ಮಗನನ್ನು ಕೇಳಿದರು.

"ಹಂಗಾರ ಹ್ವಾದ ಐತವಾರ ನೀ ಎಲ್ಲಿದ್ದಿ?"

"ಗಿಂಡಿಯಾಗ. ಅಕ್ಕಾರ ಮನಿಯಾಗ."

"ಫೋನ್ ಚಾಲೂ ಇತ್ತೇನು?"

"ಇತ್ತು."

ಅವರು ನನ್ನ ಕಡೆ ತಿರುಗಿ ನೋಡಿದರು. ಬಯ್ಯಲಿಲ್ಲ. ನಾನು ಎದ್ದು ಬಂದೆ. ಗಿಂಡಿ ಸ್ಟೇಷನ್ನಿನಲ್ಲಿ ಇಳಿದವಳು ಮನೆಗೆ ಹೋಗಲು ಮನಸ್ಸಾಗದೆ ಬೆಂಚಿನ ಮೇಲೆ ಕೂತು ಅತ್ತೆ. ಹತ್ತು ನಿಮಿಷದ ದಾರಿ ಅದು. ಅವತ್ತು ಒಂದು ಸಲ ಸೆಲ್ ಫೋನು ರಿಂಗಾಗಿದ್ದರೆ ಮುರುಗೆಪ್ಪನವರು ಉಳಿಯುತ್ತಿದ್ದರೆಂದು ಯಾವ ಡಾಕ್ಟರೂ ಹೇಳಲಾರರು. ಉಳಿಯುತ್ತಿರಲಿಲ್ಲವೆಂದೂ ಹೇಳಲಾರರು.

ಅವನು ವಾಹಿನಿ ಬಿಟ್ಟ. ಎರಡು ವರ್ಷ ಕೋಡಂಬಾಕ್ಕಂನ ಡಬ್ಬಿಂಗ್ ಕೋಣೆಗಳಲ್ಲಿ ಸೋಪಿನ ಪುಡಿ, ತಲೆನೋವಿನ ಮಾತ್ರೆಗಳ ಜಾಹೀರಾತನ್ನು ಕನ್ನಡದಲ್ಲಿ ಓದಿದ. ಖಾಸಗಿ ಎಫ್.ಎಂ. ರೇಡಿಯೋಗಳು ಬಂದಾಗ ಒಂದರಲ್ಲಿ ಸೇರಿದ. ಎಲ್ಲವೂ ನೇರ ಆಗಿರಬೇಕು, ಕರೆಗಳನ್ನು ನಾನೇ ಎತ್ತಬೇಕು ಎನ್ನುವುದು ಅವನು ಹಾಕಿದ ಷರತ್ತು. ಹುಚ್ಚ ಎಂದು ನಕ್ಕರು, ಒಪ್ಪಿದರು. ಐದು ವರ್ಷ ಮಾಡಿದ. ಎರಡು ಸಾವಿರದ ಎಂಟರಲ್ಲಿ ಇಪ್ಪತ್ತರ ಹುಡುಗರು ಬಂದರು, ಇವನನ್ನು ಕಳಿಸಿದರು. ಆಮೇಲೆ ಪೆರುಂಗುಡಿಯ ಒಂದು ಕಾಲ್ ಸೆಂಟರಿನಲ್ಲಿ ಹೊಸಬರಿಗೆ ಫೋನಿನಲ್ಲಿ ಮಾತಾಡುವುದನ್ನು ಕಲಿಸುವ ಕೆಲಸ ಸಿಕ್ಕಿತು. ಮೂರನೇ ರಿಂಗಿನೊಳಗೆ ಎತ್ತಿ ಎನ್ನುವುದು ಅವನು ಕಲಿಸುವ ಮೊದಲ ಪಾಠವಂತೆ.

ಎಫ್.ಎಂ. ದಿನಗಳ ಒಂದು ಬೆಳಗನ್ನು ಹೇಳಿ ಮುಗಿಸುತ್ತೇನೆ. ಎರಡು ಸಾವಿರದ ನಾಲ್ಕು. ಮೂರು ವರ್ಷ ಆ ಮನೆಯ ಹೊಸ್ತಿಲು ತುಳಿದಿರದ ನಾನು, ಸಂಘದ ಆಹ್ವಾನ ಪತ್ರಿಕೆಯ ನೆಪ ಹಿಡಿದು ಹೋದೆ. ಸುಮಿತ್ರಮ್ಮ ಬರ್ರಿ ಎಂದರು, ಚಹಾ ಕೊಟ್ಟರು. ತಾಯಿ ಮಗ ಮಾತಾಡುತ್ತಿದ್ದರು, ಉಂಡಿಯಾ, ಉಂಡೆ, ಅಷ್ಟು. ಫೋನಿನ ಪಕ್ಕ ಸಣ್ಣ ರೇಡಿಯೋ ಇತ್ತು. ಗೋಡೆಯ ಮೇಲೆ ಆ ಚೀಟಿ ಹಾಗೆಯೇ ಇತ್ತು.

ರೇಡಿಯೋದಲ್ಲಿ ಶಿವರಂಜನ್ ನಂಬರು ಹೇಳಿದ. ಸುಮಿತ್ರಮ್ಮ ಲೋಟ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಹೇಳಿದ ಹಾಗೇ ಒತ್ತಿದರು. ಈ ನಂಬರಿಗೆ ಮೊದಲು ಯಾವತ್ತೂ ಮಾಡಿರಲಿಲ್ಲವಂತೆ. ಎರಡನೇ ರಿಂಗಿಗೆ ಅವನು ಎತ್ತಿದ. ‘ಹಲೋ, ವಣಕ್ಕಂ, ಯಾರು ಪೇಸುರೀಂಗ’ ಎಂದು ರೇಡಿಯೋದಲ್ಲಿ ಒಮ್ಮೆ, ರಿಸೀವರಿನಲ್ಲಿ ಒಮ್ಮೆ ಕೇಳಿಸಿತು. ನಿಮ್ಮ ರೇಡಿಯೋ ದನಿ ಸ್ವಲ್ಪ ಕಡಿಮೆ ಮಾಡಿ ಅಂದ, ಎಲ್ಲರಿಗೂ ಅನ್ನುವ ಹಾಗೆ. ಅವರು ಬಗ್ಗಿ ಕಡಿಮೆ ಮಾಡಿದರು.

"ಎರಡನೇ ರಿಂಗಿಗೇ ಸಿಗತೈತಲ್ಲೋ ತಮ್ಮಾ," ಎಂದರು ರಿಸೀವರಿಗೆ. ಆಮೇಲೆ ಅದನ್ನು ಮೆಲ್ಲಗೆ ಫೋನಿನ ಮೇಲೆ ಇಟ್ಟರು.

ನಾನು ರೇಡಿಯೋಗೆ ಕಿವಿ ಕೊಟ್ಟೆ. ಕೆಟ್ಟುಹೋಯಿತೇನೋ ಎನ್ನುವಷ್ಟು ಹೊತ್ತು ಅದರಲ್ಲಿ ಏನೂ ಇರಲಿಲ್ಲ. ಆಮೇಲೆ ಯಾರೂ ಹೆಸರು ಹೇಳದೆ ಒಂದು ಹಾಡು ಶುರುವಾಯಿತು.